ಎಲ್‌ಇಡಿ ಫ್ಲೋರಿಮೀಟರ್: ಯಂತ್ರ ಚೆನ್ನಾಗಿದೆ, ಬಫರ್ ನೆಟ್ಟಗಿದ್ದರೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಂಡೆ ಕೊರೆದು ತೆಗೆದ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಅಳೆಯಲು ಎಲ್‌ಇಡಿ ಫ್ಲೋರಿಮೀಟರ್ ಎಂಬ, ಹೊಳಪನ್ನು ಅಳೆಯುವ ಈ ಪುಟ್ಟ ಯಂತ್ರ ಸಾಕು. ಇದೇ ಕೆಲಸದ ದೊಡ್ಡ ಲ್ಯಾಬ್ ಯಂತ್ರ ಐಸಿಪಿ-ಎಂಎಸ್ ಕೇಳುವ ಆರ್ಗಾನ್ ಸಿಲಿಂಡರ್, ಎಸಿ ಕೋಣೆ ಯಾವುದೂ ಬೇಡ. ಸುಮಾರು 400 ನ್ಯಾನೋಮೀಟರಿನ ಬೆಳಕು ಮಿಂಚಿದಾಗ ಯುರೇನಿಯಂ ಹಸಿರಾಗಿ ಹೊಳೆಯುತ್ತದೆ. ನೀರಿನಲ್ಲಿರುವ ಸಾವಯವ ಕಲ್ಮಶವೂ ಹೊಳೆಯುತ್ತದೆ, ಆದರೆ ಅದು ನ್ಯಾನೋಸೆಕೆಂಡುಗಳಲ್ಲೇ ಆರಿಹೋಗುತ್ತದೆ. ಯಂತ್ರ ಅಷ್ಟು ಹೊತ್ತು ಕಾದು, ಮೈಕ್ರೋಸೆಕೆಂಡುಗಳ ಕಾಲ ಉಳಿಯುವ ಹೊಳಪನ್ನಷ್ಟೇ ಎಣಿಸುತ್ತದೆ. ಇದರ ನಿಜವಾದ ಜಾಣತನ ಇರುವುದು ಇಲ್ಲೇ.

ಎಡವಟ್ಟಾಗುವುದು ಬಫರಿನಲ್ಲಿ, ಅಂದರೆ ಸ್ಯಾಂಪಲ್‌ನ ಪಿಎಚ್ (ಆಮ್ಲೀಯತೆಯ ಅಳತೆ) ಹಿಡಿದಿಡಲು ಬೆರೆಸುವ ದ್ರಾವಣದಲ್ಲಿ. ನಮ್ಮ ಗಡಸು ನೀರಿನಲ್ಲಿ ಯುರೇನಿಯಂ ಕಾರ್ಬೊನೇಟ್ ಜೊತೆ ಕೂಡಿಕೊಂಡು ಮಂಕಾಗಿರುತ್ತದೆ. ಬಫರಿನಲ್ಲಿರುವ ಪೈರೋಫಾಸ್ಫೇಟ್ ಅದನ್ನು ಬಿಡಿಸಿ ಹೊಳೆಯುವ ರೂಪಕ್ಕೆ ತರುತ್ತದೆ. 100 ಮಿ.ಲೀ. ಡಬಲ್ ಡಿಸ್ಟಿಲ್ಡ್ ನೀರಿಗೆ 5 ಗ್ರಾಂ ಸೋಡಿಯಂ ಪೈರೋಫಾಸ್ಫೇಟ್ ಹಾಕಿ, ಪಿಎಚ್ 7ಕ್ಕೆ ಇಳಿಯುವವರೆಗೆ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. 6 ಮಿ.ಲೀ. ಸ್ಯಾಂಪಲ್‌ಗೆ ಈ ಬಫರ್ 0.6 ಮಿ.ಲೀ. ಸ್ಯಾಂಪಲ್ ಕೆಡದಿರಲೆಂದು ನೈಟ್ರಿಕ್ ಆಮ್ಲ ಹಾಕಿಟ್ಟಿದ್ದರೆ, ಬಫರ್ ಬೆರೆಸಿದ ಮೇಲೂ ಪಿಎಚ್ ನೋಡಿಕೊಳ್ಳಿ. ಅಲ್ಲಿ ಆಮ್ಲ ಹೆಚ್ಚಾಗಿದ್ದರೆ ಅಂಕಿ ಸುಮ್ಮನೆ ಕುಸಿಯುತ್ತದೆ, ಯಂತ್ರ ಎಚ್ಚರಿಸುವುದಿಲ್ಲ.

ಕಬ್ಬಿಣ, ಮ್ಯಾಂಗನೀಸ್, ಕ್ಲೋರೈಡ್ ಕೂಡ ಹೊಳಪನ್ನು ನುಂಗುತ್ತವೆ. ಆದ್ದರಿಂದ ಡಿಸ್ಟಿಲ್ಡ್ ನೀರಿನಲ್ಲಿ ಎಳೆದ ಕ್ಯಾಲಿಬ್ರೇಷನ್ ಗೆರೆಯನ್ನು (ಹೊಳಪಿನಿಂದ ಯುರೇನಿಯಂ ಪ್ರಮಾಣ ಹೇಳುವ ಗೆರೆ) ನಂಬಿ ಬೋರ್‌ವೆಲ್ ನೀರನ್ನು ಓದಬೇಡಿ. ಸ್ಯಾಂಪಲ್ ಇರುವ ಅದೇ ಕ್ಯುವೆಟ್‌ಗೆ (ಅಳೆಯುವ ಪುಟ್ಟ ಪಾತ್ರೆ) 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಯುರೇನಿಯಂ ಸ್ಟ್ಯಾಂಡರ್ಡ್ ದ್ರಾವಣ 12 ಮೈಕ್ರೋಲೀಟರ್ ಸೇರಿಸಿದರೆ 20 ಪಿಪಿಬಿ (ಲೀಟರಿಗೆ 20 ಮೈಕ್ರೋಗ್ರಾಂ) ಏರಿದಂತೆ. ಬ್ಲ್ಯಾಂಕ್ (ಯುರೇನಿಯಂ ಇಲ್ಲದ ನೀರಿನ ಓದು) ಕಳೆದ ಮೇಲೆ ಯಂತ್ರದ ಅಂಕಿ ಮೊದಲು 300 ಬಂದು, ಸೇರಿಸಿದ ಮೇಲೆ 500 ಆದರೆ, 300 ಭಾಗಿಸು 200, ಗುಣಿಸು 20: ಅಂದರೆ 30 ಪಿಪಿಬಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸರಿಯಾಗಿ ಇಷ್ಟೇ. ಏರಿಕೆ ತೀರಾ ಕಡಿಮೆ ಬಂದರೆ ಸ್ಯಾಂಪಲ್ಲನ್ನು ತೆಳು ಮಾಡಿ ಮತ್ತೆ ಅಳೆಯಿರಿ. ಹೊಳಪು ನುಂಗುವವೂ ತೆಳುವಾಗುತ್ತವೆ.

ಕ್ಯುವೆಟ್ ಕ್ವಾರ್ಟ್ಜ್‌ನದೇ ಇರಲಿ. ಬೆರಳಚ್ಚು ಬಿದ್ದರೂ ಓದು ಅಲುಗಾಡುತ್ತದೆ.

ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ, ತಾಲ್ಲೂಕಿನ ನೀರು ಪರೀಕ್ಷಾ ಲ್ಯಾಬಿಗೆ ಧಾರಾಳವಾಗಿ ಕೊಳ್ಳಬಹುದು. ಪಿಪೆಟ್ ಹಿಡಿದು ಅಭ್ಯಾಸವಿಲ್ಲದ ಮನೆಯವರಿಗೆ ಬೇಡ. ಅದರ ಬದಲು ಯುವಿ ಟಾರ್ಚ್ ಹಿಡಿದು ಲೋಟದ ನೀರು ನೀಲಿಯಾಗಿ ಹೊಳೆಯಿತೆಂದು ಗಾಬರಿಯಾಗುವುದೂ ಬೇಡ. ಅದು ಯುರೇನಿಯಂ ಅಲ್ಲ, ಸೋಪಿನ ಪುಡಿಯೋ ಸಾವಯವ ಕಲ್ಮಶವೋ ಇರಬಹುದು. ಇನ್ನು ಅದೇ ಊರುಗಳ ಹಳೇ ಶನಿ ಫ್ಲೋರೈಡ್ ಈ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಬೇರೆ ಎಲೆಕ್ಟ್ರೋಡ್ ಬೇಕು.