ಮಣ್ಣಿನ ಬ್ಲಾಕ್ ಕೊಳ್ಳುವ ಮುನ್ನ ಒಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ

ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಪರಿಸರಸ್ನೇಹಿ ಮನೆಯ ಆಸೆಯಿಂದ ಮಣ್ಣಿನ ಬ್ಲಾಕ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮುಂಗಡ ಕೊಡುವ ಮೊದಲೇ ಓದಿ.

ಹದಡಿ ರಸ್ತೆಯ ಕಡೆ ನಮ್ಮದೊಂದು ಸಣ್ಣ ನಿವೇಶನವಿದೆ. ಸುಟ್ಟ ಇಟ್ಟಿಗೆ ಬೇಡ, ಸಿಮೆಂಟ್ ಬ್ಲಾಕಿನ ಮನೆಯ ಕಾವೂ ಬೇಡ ಎಂದು ಹಟ ಹಿಡಿದವಳು ನಾನೇ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಮಾಡುವ ಬ್ಲಾಕ್ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಂಥ ಬ್ಲಾಕಿನ ಮನೆಗಳು ಬೆಂಗಳೂರಿನಲ್ಲಿ ದಶಕಗಳಿಂದ ನಿಂತಿವೆ. ದುರ್ಗದ ಕೋಟೆಯೊಳಗಿನ ಹಳೆಯ ಮಣ್ಣಿನ ಗೋಡೆಗಳನ್ನು ಚಿಕ್ಕಂದಿನಿಂದಲೂ ನೋಡಿದ್ದೇನೆ. ಮಣ್ಣಿನ ಮೇಲೆ ನನಗೆ ಅಂದೂ ನಂಬಿಕೆಯಿತ್ತು, ಇಂದೂ ಇದೆ. ನನಗೆ ಮೋಸ ಮಾಡಿದ್ದು ಅದನ್ನು ಮಾರಿದವರು.

ನಗರದ ಹೊರವಲಯದ ಒಂದು ಘಟಕಕ್ಕೆ ಹೋದೆವು. ಬ್ಲಾಕುಗಳು ನೋಡಲು ಅಚ್ಚುಕಟ್ಟಾಗಿದ್ದವು, ಚೆಂದದ ಇಟ್ಟಿಗೆ ಕೆಂಪು ಬಣ್ಣ. “ಪ್ಲಾಸ್ಟರ್ ಬೇಡ, ಬಣ್ಣ ಬೇಡ, ಮನೆಯೊಳಗೆ ಬೇಸಿಗೆಯಲ್ಲೂ ತಂಪು” ಎಂದರು. ಒಂದು ಬ್ಲಾಕನ್ನು ಎದೆಯೆತ್ತರದಿಂದ ಕೆಳಕ್ಕೆ ಬಿಟ್ಟು ತೋರಿಸಿದರು, ಒಡೆಯಲಿಲ್ಲ. ಪ್ರಯೋಗಾಲಯದ ವರದಿ ಎಂದು ಒಂದು ಜೆರಾಕ್ಸ್ ಪ್ರತಿ ಕೊಟ್ಟರು. ಆರು ಸಾವಿರ ಬ್ಲಾಕಿಗೆ ಮಾತಾಯಿತು, ಹಣದ ಬಹುಪಾಲನ್ನು ಮುಂಗಡವಾಗಿಯೇ ತೆಗೆದುಕೊಂಡರು. ಜೊತೆಗೆ ಬಂದಿದ್ದ ಅಪ್ಪ ಅಂಗಳದ ಮೂಲೆಯ ಮಣ್ಣಿನ ರಾಶಿಯಿಂದ ಒಂದು ಹಿಡಿ ತೆಗೆದು ಉಜ್ಜಿ ನೋಡಿದರು. “ಇದರಲ್ಲಿ ಎರೆಮಣ್ಣು ಬೆರೆತಿದೆಯಲ್ಲಮ್ಮ” ಎಂದರು. ಮಾಲೀಕರು “ಯಂತ್ರದ ಒತ್ತಡಕ್ಕೆ ಯಾವ ಮಣ್ಣಾದರೂ ಕಲ್ಲಾಗುತ್ತದೆ ಯಜಮಾನರೇ” ಎಂದರು. ನಾನು ಮಾಲೀಕರ ಮಾತನ್ನು ನಂಬಿದೆ.

ಎರೆ ಎಂದರೆ ಜಿಗುಟಾದ ಕಪ್ಪು ಮಣ್ಣು, ಎರೆಹೊಲವಿರುವವರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುವ ನೆಲ, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಜೇಡಿಯ ಗುಣವೇ ಅದು: ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಸಿಮೆಂಟ್ ಚೆನ್ನಾಗಿ ಹಿಡಿಯುವುದು ಮರಳಿನಂಶ ಹೆಚ್ಚಿರುವ ಕೆಂಪು ಮಣ್ಣನ್ನು. ಎರೆಯಂಥ ಜಿಗುಟು ಮಣ್ಣಿಗೆ ಸುಣ್ಣ ಬೇಕು, ಸಮಯವೂ ಬೇಕು. ನಮ್ಮ ಬ್ಲಾಕಿಗೆ ಎರಡೂ ಸಿಕ್ಕಿರಲಿಲ್ಲ. ಒತ್ತಿದ ಬ್ಲಾಕನ್ನು ಮೂರು ನಾಲ್ಕು ವಾರ ತೇವ ಆರದಂತೆ ಇಡಬೇಕು. ನಾವು ಹೋದ ದಿನ ಆ ಅಂಗಳದಲ್ಲಿ ಒಂದು ಒದ್ದೆ ಗೋಣಿಚೀಲವೂ ಕಾಣಲಿಲ್ಲ. ಐದು ದಿನದ ಹಿಂದೆ ಒತ್ತಿದ ಮಾಲೇ ನಮಗೆ ಬಂದಿತ್ತೆಂದು ಲಾರಿಯವರ ಬಾಯಿಂದ ಆಮೇಲೆ ತಿಳಿಯಿತು.

ಗೋಡೆ ಎದ್ದದ್ದು ಬೇಸಿಗೆಯಲ್ಲಿ. ಜೂನ್‌ನಲ್ಲಿ ಮೂರು ದಿನ ಬಿಡದೆ ಇರಚಲು ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಪಡುವಣ ಗೋಡೆಯ ಬುಡದಲ್ಲಿ ಕೆಂಪು ರಾಡಿ ಹರಿದಿತ್ತು. ಬ್ಲಾಕುಗಳ ಮೈ ಕರಗಿ ಒಳಸರಿದು, ನಡುವಿನ ಸಿಮೆಂಟ್ ಗಾರೆಯ ಗೆರೆಗಳು ಬಡಕಲು ದನದ ಪಕ್ಕೆಲುಬಿನಂತೆ ಎದ್ದು ನಿಂತಿದ್ದವು. ಮೇಸ್ತ್ರಿ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರೆ ಬೆರಳು ಒಳಗೆ ಹೋಯಿತು. “ಅಕ್ಕಾ, ಇದು ಮೇಲೆ ಮಾತ್ರ ಕೆಂಪು” ಎಂದು ಒಂದು ಬ್ಲಾಕನ್ನು ಒಡೆದು ಕೈಗಿಟ್ಟರು. ಒಳಗೆಲ್ಲ ಜೋಳದ ಕಾಳಿನಷ್ಟು ದಪ್ಪದ ಕಪ್ಪು ಗಂಟುಗಳು. ಒಂದನ್ನು ನೀರಿನಲ್ಲಿ ಅದ್ದಿ ಉಜ್ಜಿದೆ, ಬೆರಳಿಗೆ ಅಂಟಂಟಾಗಿ ಹತ್ತಿತು. ಕೆಂಪಾಗಿ ಕಾಣಲು ಆಕ್ಸೈಡ್ ಬೆರೆಸಿದ್ದರು. ಅಪ್ಪ ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಪ್ಲಾಸ್ಟರ್ ಮಾಡಿಸಿ ನೋಡಿದೆವು. ಗೋಡೆ ಹಿಗ್ಗಿ ಕುಗ್ಗುವಾಗ ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬಂತು. ಕಡೆಗೆ ಪಡುವಣ ಗೋಡೆಯನ್ನು ಪೂರ್ತಿ ಕೆಡವಿ ಬೇರೆ ಕಟ್ಟಿಸಿದೆವು. ಉಳಿದ ಗೋಡೆಗಳಿಗೆ ಜಾಲರಿ ಹೊಡೆಸಿ, ಸಜ್ಜೆಯನ್ನು ಮುಂದಕ್ಕೆ ಚಾಚಿಸಿದ್ದೇವೆ.

ಆ ವರದಿಯನ್ನು ನಾನು ಸರಿಯಾಗಿ ಓದಿದ್ದು ಆಗಲೇ. ಬ್ಲಾಕ್ ಯಾವ ಘಟಕದ್ದು, ಯಾವ ದಿನ ಒತ್ತಿದ್ದು ಎಂಬುದೇ ಅದರಲ್ಲಿ ಇರಲಿಲ್ಲ. ಒಣ ಬ್ಲಾಕಿನ ಬಲವನ್ನು ಮಾತ್ರ ಅಳೆದಿದ್ದರು. ಒಣಗಿದಾಗ ಎರೆಹೆಂಟೆಯೂ ಕಲ್ಲಿನಂತಿರುತ್ತದೆ! ಇಂಥ ಬ್ಲಾಕಿಗೆಂದೇ ಐಎಸ್ 1725 ಎಂಬ ಭಾರತೀಯ ಮಾನಕವಿದೆ. ಅದರ ಪ್ರಕಾರ ನೀರಿನಲ್ಲಿ ನೆನೆಸಿದ ಬ್ಲಾಕಿನ ಬಲವನ್ನು ಅಳೆದು ನೋಡಬೇಕು. ನಿಮಗೆ ಬರುವ ರಾಶಿಯಿಂದ ನೀವೇ ಆರಿಸಿದ ಬ್ಲಾಕುಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು ಈ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಮನೆಯಲ್ಲೇ ಒಂದನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚು ಉಗುರಿಗೆ ಕಿತ್ತು ಬಂದರೆ, ನೀರು ರಾಡಿಯಾಗಿದ್ದರೆ, ಆ ಮಾಲು ಬೇಡವೇ ಬೇಡ. ಅವರು ಬಳಸುವ ಮಣ್ಣನ್ನೂ ಒಂದು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಡಿ. ಮರಳು ಬೇಗ ತಳ ಸೇರುತ್ತದೆ, ಜೇಡಿ ಕೊನೆಗೆ ಮೇಲೆ ಕೂರುತ್ತದೆ. ಯಾವುದು ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಬಿಲ್ಲನ್ನಂತೂ ಬಿಡಬೇಡಿ. ನನಗೆ ಕೊಟ್ಟದ್ದು ಕೈಬರಹದ ಚೀಟಿ. ಪುಣ್ಯಕ್ಕೆ ಹಣ ಬ್ಯಾಂಕಿನ ಮೂಲಕ ಹೋಗಿತ್ತು, ಅದನ್ನೇ ಆಧಾರವಾಗಿಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಆದರೆ 2 ವರ್ಷದೊಳಗೆ ಕೊಡಬೇಕು.

ಕಳೆದ ವಾರ ಅದೇ ಘಟಕದ ಲಾರಿ ನಮ್ಮ ಹಿಂದಿನ ಬೀದಿಗೆ ಬಂತು. ಆ ಮನೆಯವರಿಗೆ ನಮ್ಮ ಗೋಡೆ ತೋರಿಸಿ, ಒಂದು ಬಕೆಟ್ ಕೊಟ್ಟು ಬಂದೆ. ಬೆಳಿಗ್ಗೆ ಆರಕ್ಕೇ ಅವರು ನಮ್ಮ ಬಾಗಿಲಿಗೆ ಬಂದರು. ಬಕೆಟ್ಟಿನ ತಳದಲ್ಲಿ ಅರ್ಧ ಬ್ಲಾಕ್ ಉಳಿದಿತ್ತು, ಅದರ ಮೇಲೆ ಕಪ್ಪು ಕೆಸರು. ಎರಡನೆಯ ಲೋಡನ್ನು ಅವರು ಇಳಿಸಿಕೊಳ್ಳಲಿಲ್ಲ.