ಅಂಗಿಯ ಮೇಲಿನ ಬರಹ, ಮಾಲಕರ ಸಂಯಮ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಬಳಿಯ ಈ ಚಿಕ್ಕ ಹೋಟೆಲಿನ ನೀರುದೋಸೆ ಚೆನ್ನಾಗಿದೆ, ಚಟ್ನಿ ಮಾತ್ರ ತುಸು ತೆಳು. ಆದರೂ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿರುವುದು ಮಾಲಕರ ನಡತೆಗೆ. ಹೆಂಗಸರನ್ನು ಹೀಯಾಳಿಸುವ ಬರಹವಿದ್ದ ಟೀ ಶರ್ಟ್ ತೊಟ್ಟ ಹುಡುಗನನ್ನು ಪಕ್ಕದ ಮೇಜಿನವರೊಬ್ಬರು ಎದೆಯ ಬಟ್ಟೆ ಹಿಡಿದು ಎಳೆದಾಗ, ಅವರು ಗಲ್ಲಾಪೆಟ್ಟಿಗೆ ಬಿಟ್ಟು ಬಂದು, "ಅಣ್ಣ, ಕೈ ತೆಗೆಯಿರಿ, ತಮ್ಮಾ, ಆ ಅಂಗಿ ತಿರುವಿ ಹಾಕಿಕೊಂಡು ಬಾ, ದೋಸೆ ಬಿಸಿಯಾಗಿಯೇ ಸಿಗುತ್ತದೆ" ಎಂದರು. ಬರಹ ಅಸಹ್ಯವಾಗಿತ್ತು, ಸಿಟ್ಟು ನನಗೂ ಬಂದಿತ್ತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 122ನೆಯ ಕಲಮು, ಹಠಾತ್ ತೀವ್ರ ಕೆರಳಿಕೆಯಿಂದ ಹೊಡೆದವನ ಶಿಕ್ಷೆಯನ್ನು ತಗ್ಗಿಸುತ್ತದೆಯೇ ಹೊರತು ಅವನನ್ನು ನಿರ್ದೋಷಿಯೆನ್ನುವುದಿಲ್ಲ. ಹುಡುಗ ಕೈ ತೊಳೆಯುವಲ್ಲಿಗೆ ಹೋಗಿ, ಹೊಲಿಗೆ ಹೊರಗೆ ಕಾಣುವಂತೆ ಅಂಗಿ ತಿರುವಿಕೊಂಡು ಬಂದು ಕುಳಿತ.