ಫ್ಲೂ ಲಸಿಕೆಗೆ ಶಿವಮೊಗ್ಗ ದುರ್ಗಿಗುಡಿಯ ಒಂದು ಕ್ಲಿನಿಕ್: ಫ್ರಿಜ್‌ಗೆ ಪೂರ್ತಿ ಮಾರ್ಕ್ಸ್, ವೇಟಿಂಗ್ ಹಾಲ್‌ಗೆ ಸೊನ್ನೆ

ಅಮ್ಮನಿಗೆ ಎಪ್ಪತ್ತು ದಾಟಿದೆ, ಶುಗರ್ ಬೇರೆ. ಮಳೆ ಹಿಡಿಯುವ ಮುಂಚೆ ಫ್ಲೂ ಲಸಿಕೆ ಹಾಕಿಸಿಬಿಡೋಣ ಅಂತ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಕೊಡುವುದಾದರೆ ಸರಿಯಾದ ಕಡೆ ಕೊಡೋಣ ಅಲ್ವಾ?

ಮೊದಲು ಫ್ರಿಜ್ ವಿಷಯ. ನಗಬೇಡಿ. ನಮ್ಮ ಕಡೆ ಜೋರು ಗಾಳಿ ಬೀಸಿ ಒಂದು ಮರ ಲೈನ್ ಮೇಲೆ ಬಿತ್ತು ಅಂದರೆ ಕರೆಂಟ್ ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಈ ಲಸಿಕೆಯೋ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು, ಹೆಪ್ಪುಗಟ್ಟಿದರೂ ಎಸೆಯಬೇಕು. ಅದಕ್ಕೇ ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳಿಯೇಬಿಟ್ಟೆ. ಸಿಸ್ಟರ್ ಮುಖ ಸಿಂಡರಿಸಲಿಲ್ಲ. ಯುಪಿಎಸ್ ತೋರಿಸಿದರು, ಫ್ರಿಜ್ ತೆಗೆದು ಒಳಗಿನ ಥರ್ಮಾಮೀಟರ್ ತೋರಿಸಿದರು. ಬೆಳಿಗ್ಗೆ ಸಂಜೆ ಟೆಂಪರೇಚರ್ ಬರೆಯುವ ಹಾಳೆ ಬಾಗಿಲ ಮೇಲೇ ಅಂಟಿಸಿದ್ದಾರೆ. ಬಾಗಿಲ ಕಡೆ ಬರೀ ನೀರಿನ ಬಾಟಲಿ, ಲಸಿಕೆ ಎಲ್ಲ ಒಳಗಿನ ತಟ್ಟೆಯಲ್ಲಿ. ಎಕ್ಸ್‌ಪೈರಿ, ಯಾವ ವರ್ಷದ ಸ್ಟ್ರೇನ್ (ವೈರಸ್ ತಳಿ) ಅನ್ನುವುದನ್ನು ನಾನು ಕೇಳುವ ಮುಂಚೆಯೇ ಡಬ್ಬಿ ತಿರುಗಿಸಿ ತೋರಿಸಿದರು. ಈ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಲಸಿಕೆಯಲ್ಲಿ ಏನಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ಹೇಳುತ್ತದೆ. ಹಾಗಾಗಿ ಎಲ್ಲೇ ಹಾಕಿಸಿ, ಡಬ್ಬಿ ನೋಡಿ ಹಾಕಿಸಿ.

ಡಾಕ್ಟರ್ ಒಳ್ಳೆಯವರು. ಸಾಗರದ ಕಡೆಯ ಅಜ್ಜರೊಬ್ಬರು 'ಇದು ಮಂಗನ ಕಾಯಿಲೆಗೂ ಆಗುತ್ತಾ' ಅಂದರು. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಕಂಡ ಕಾಯಿಲೆ ಅದು, ನಮ್ಮವರಿಗೆ ಜ್ವರ ಅಂದರೆ ಮೊದಲು ಅದೇ ತಲೆಗೆ ಬರುವುದು. ಅದು ಉಣುಗಿನಿಂದ ಬರುವುದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಮಾಮೂಲಿ ನೆಗಡಿ ಇದರಿಂದ ನಿಲ್ಲಲ್ಲ, ಲಸಿಕೆ ಕೆಲಸ ಶುರುಮಾಡಲು ಎರಡು ವಾರ ಬೇಕು ಅಂತಲೂ ಹೇಳಿದರು. ಅಮ್ಮನ ಮೆಣಸಿನ ಕಷಾಯಕ್ಕೆ ಅಡ್ಡಿ ಮಾಡಲಿಲ್ಲ, ಅಮ್ಮನಿಗೆ ಅದೇ ಖುಷಿ.

ಇನ್ನು ವೇಟಿಂಗ್ ಹಾಲ್. ಫ್ಲೂ ಬರಬಾರದು ಅಂತ ಬಂದವರನ್ನು ಕೆಮ್ಮಿಕೊಂಡು ಬಂದವರ ಪಕ್ಕ ಕೂರಿಸುತ್ತಾರೆ! ಇಕ್ಕಟ್ಟು, ಎರಡೇ ಬೆಂಚು, ಇರುವ ಒಂದು ಕಿಟಕಿಯೂ ಮುಚ್ಚಿತ್ತು. ನಾನೇ ಎದ್ದು ತೆಗೆದೆ. ಲಸಿಕೆಗೆ ಬೇರೆ ಟೈಮ್ ಕೊಟ್ಟರೆ ಇವರ ಗಂಟೇನು ಹೋಗುತ್ತದೆ? ಟೋಕನ್ ಕೊಟ್ಟರೂ ನಂಬರ್ ಪ್ರಕಾರ ಕರೆಯಲ್ಲ. ರೇಟ್ ಎಲ್ಲೂ ಬರೆದಿಲ್ಲ, ಡಾಕ್ಟರ್ ಫೀಸ್ ಬೇರೆ ಅಂತ ಬಿಲ್ ಬಂದಮೇಲೇ ಗೊತ್ತಾಗುವುದು.

ಅಮ್ಮನಿಗೆ ಒಂದು ದಿನ ತೋಳು ನೋವಿತ್ತು, ಅಷ್ಟೇ. ಮುಂದಿನ ವರ್ಷವೂ ಇಲ್ಲಿಗೇ ಬರುತ್ತೇವೆ, ಮಾಸ್ಕ್ ಹಾಕಿಕೊಂಡು, ಬಾಗಿಲು ತೆಗೆಯುವ ಹೊತ್ತಿಗೇ. ಮಕ್ಕಳನ್ನು ಕರೆತರುವವರಿಗೆ ಒಂದು ಮಾತು: ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು, ನಮ್ಮ ಹಾಗೆ ದೂರದಿಂದ ಬರುವವರು ಎರಡು ಸಲದ ಬಸ್ ಚಾರ್ಜೂ ಲೆಕ್ಕ ಹಾಕಿಕೊಂಡೇ ಹೊರಡಿ.